ಬೀಗದಿಂದ ಸರತಿಗೆ: ಕೋಡ್ ಮರ್ಜ್ ನಡೆದು ಬಂದ ದಾರಿ

1984ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ರೈಯೆ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನ್ ಎಂಬ ಮೇಷ್ಟ್ರು ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಸಿ ಭಾಷೆಗೆ ಕಂಪೈಲರ್ ಬರೆಯಲು ಕೂತರು. ಮೂವರದೂ ಮೂರು ವೇಳೆ. ಒಬ್ಬ ಒಂಬತ್ತಕ್ಕೆ ಬಂದು ಐದಕ್ಕೆ ಎದ್ದು ಹೋಗುವವನು. ಇನ್ನೊಬ್ಬ ಯಾವಾಗ ಬರುತ್ತಾನೆಂದು ಹೇಳುವ ಹಾಗಿಲ್ಲ. ಮೇಷ್ಟ್ರಿಗೆ ಪುರುಸೊತ್ತು ಸಿಗುತ್ತಿದ್ದದ್ದು ಸಂಜೆ ಮಾತ್ರ. ಅವರ ಕೈಯಲ್ಲಿದ್ದ ಆರ್‌ಸಿಎಸ್ ಎಂಬ ಸಾಧನದ ಪದ್ಧತಿಯೋ, ಫೈಲು ತಿದ್ದಬೇಕಾದರೆ ಮೊದಲು ಅದಕ್ಕೆ ಬೀಗ ಹಾಕಿಕೊಳ್ಳಬೇಕು. ಹಾಕಿದವನು ತೆಗೆಯುವ ತನಕ ಉಳಿದವರು ಸುಮ್ಮನೆ ಕಾಯಬೇಕು. ಒಬ್ಬರ ಮುಖ ಒಬ್ಬರು ನೋಡದ ಮೂವರಿಗೆ ಈ ಬೀಗ ಒಗ್ಗಲಿಲ್ಲ. ಗ್ರೂನ್ ಆರ್‌ಸಿಎಸ್ ಮೇಲೆ ಒಂದಷ್ಟು ಶೆಲ್ ಸ್ಕ್ರಿಪ್ಟುಗಳನ್ನು ಬರೆದು, ಮೂವರೂ ತಂತಮ್ಮ ಪ್ರತಿಯನ್ನು ಏಕಕಾಲಕ್ಕೆ ತಿದ್ದಿ ಆಮೇಲೆ ಒಂದುಗೂಡಿಸುವ ಏರ್ಪಾಡು ಮಾಡಿದರು. 1986ರಲ್ಲಿ ಆ ಸ್ಕ್ರಿಪ್ಟುಗಳನ್ನು ಎಲ್ಲರಿಗೂ ಹಂಚಿದರು. ಅದೇ ಸಿವಿಎಸ್. ಮುಂದೆ ಹದಿನೈದಿಪ್ಪತ್ತು ವರ್ಷ ಓಪನ್ ಸೋರ್ಸ್ ಪ್ರಪಂಚ ನಡೆದದ್ದು ಬಹುಮಟ್ಟಿಗೆ ಅದರ ಮೇಲೆ.

ನಾನು ಬೆಂಗಳೂರಿನಲ್ಲಿ ಬಿಲ್ಡ್ ಮತ್ತು ರಿಲೀಸ್ ಕೆಲಸ ಮಾಡಿಕೊಂಡು ಬಂದವಳು. ಹೊಸ ಪ್ರಾಜೆಕ್ಟ್ ಶುರುವಾದಾಗಲೆಲ್ಲ ಹುಡುಗರು ಒಂದು ಪಟ್ಟಿ ಹಿಡಿದುಕೊಂಡು ಬರುತ್ತಾರೆ: "ಮೇಡಂ, ಆಟೋ ಮರ್ಜ್‌ಗೆ ಯಾವ ಟೂಲ್ ಹಾಕೋಣ?" ಪಟ್ಟಿಯಲ್ಲಿ ಬೆಲೆ, ಬಟನ್ನು, ಡ್ಯಾಶ್‌ಬೋರ್ಡು ಎಲ್ಲ ಇರುತ್ತದೆ. ಯಾವ ಟೂಲು ಯಾರ ಯಾವ ಕಷ್ಟಕ್ಕೆ ಹುಟ್ಟಿತು ಅನ್ನುವುದು ಮಾತ್ರ ಇರುವುದಿಲ್ಲ. ಗ್ರೂನ್ ಅವರ ಮೂವರ ತಂಡದಿಂದ ಇಂದಿನ ಮರ್ಜ್ ಬಾಟ್‌ಗಳ ತನಕದ ದಾರಿ ಒಮ್ಮೆ ಗೊತ್ತಾದರೆ ಆ ಪಟ್ಟಿಯ ಮುಕ್ಕಾಲು ಪಾಲು ಸಾಲುಗಳು ಬೇಡವೆನ್ನಿಸುತ್ತವೆ.

ಮೊದಲು ಬೀಗದ ಕಾಲ. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಬರೆದರು. ಫೈಲಿನ ಹಳೆಯ ರೂಪಗಳನ್ನೆಲ್ಲ ಜೋಪಾನ ಮಾಡುವ ಮೊದಲ ಹೆಸರಾಂತ ಸಾಧನ ಅದು. ಹತ್ತು ವರ್ಷದ ಮೇಲೆ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಶಿ ಆರ್‌ಸಿಎಸ್ ತಂದರು. ಎರಡರಲ್ಲೂ ರೂಢಿ ಒಂದೇ, ಒಂದು ಫೈಲು ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ. ನಮ್ಮ ಊರಿನ ಕಂಪನಿಗಳು ಈ ಬೀಗವನ್ನು ನೋಡಿದ್ದು ಹೆಚ್ಚಾಗಿ ಮೈಕ್ರೋಸಾಫ್ಟ್‌ನ ವಿಷುವಲ್ ಸೋರ್ಸ್‌ಸೇಫ್‌ನಲ್ಲಿ. ಫೈಲು ಚೆಕ್‌ಔಟ್ ಮಾಡಿಕೊಂಡವನು ಗೌರಿ ಹಬ್ಬಕ್ಕೆ ಊರಿಗೆ ಹೊರಟನೆಂದರೆ ಮುಗಿಯಿತು, ಆ ಫೈಲು ಮುಟ್ಟುವ ಹಾಗಿಲ್ಲ. ಅಡ್ಮಿನ್ ಹತ್ತಿರ ಹೋಗಿ ಚೆಕ್‌ಔಟ್ ಬಿಡಿಸಿಕೊಂಡು ಬರಬೇಕು. ಹಾಗೆ ಬಿಡಿಸಿದಾಗ ಅವನು ಅರ್ಧ ಬರೆದಿಟ್ಟದ್ದರ ಗತಿ ಏನು ಎಂಬ ಜಗಳ ಹಬ್ಬ ಮುಗಿಸಿ ಬಂದ ಮೇಲೆ.

ದೊಡ್ಡ ಕಂಪನಿಗಳಲ್ಲಿ ಕ್ಲಿಯರ್‌ಕೇಸ್ ಇತ್ತು. ಏಟ್ರಿಯಾ ಎಂಬ ಸಂಸ್ಥೆ 1992ರಲ್ಲಿ ತಂದದ್ದು, ರ್‍ಯಾಷನಲ್ ಮೂಲಕ 2003ರಲ್ಲಿ ಐಬಿಎಂ ಪಾಲಾಯಿತು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಮೇಲೆ ಒಂದೊಂದಾಗಿ ಬಂದ ಕಂಪನಿಗಳಲ್ಲಿ ಒಂದೇ ಕೋಡನ್ನು ಎರಡು ಖಂಡಗಳಲ್ಲಿ ಕೂತು ಬರೆಯುವ ಪರಿಪಾಠ ಬೆಳೆಯಿತು. ಕ್ಲಿಯರ್‌ಕೇಸ್ ಮಲ್ಟಿಸೈಟ್ ಅದಕ್ಕೊಂದು ಕಟ್ಟಳೆ ಮಾಡಿತ್ತು. ಪ್ರತಿ ಬ್ರಾಂಚಿಗೂ ಒಂದು ಸೈಟು ಒಡೆಯ. ಆ ಬ್ರಾಂಚಿನಲ್ಲಿ ತಿದ್ದುವ ಹಕ್ಕು ಆ ಸೈಟಿಗೆ ಮಾತ್ರ. ಇದಕ್ಕೆ ಮಾಸ್ಟರ್‌ಶಿಪ್ ಎನ್ನುತ್ತಿದ್ದೆವು. ಅಮೆರಿಕದವರ ಬ್ರಾಂಚ್ ಒಂದು, ನಮ್ಮ ಬ್ರಾಂಚ್ ಒಂದು. ಸಿಂಕ್ ಪ್ಯಾಕೆಟ್‌ಗಳು ಆಗಾಗ ಅತ್ತಿತ್ತ ಓಡಾಡುತ್ತವೆ. ಎರಡನ್ನೂ ಕೂಡಿಸುವ ಕೆಲಸ ಮನುಷ್ಯರದ್ದು. ಹಾಗಾಗಿ ಆಗಿನ ಪ್ರಾಜೆಕ್ಟುಗಳಲ್ಲಿ ಇಂಟಿಗ್ರೇಟರ್ ಎಂಬ ಹುದ್ದೆಯೇ ಇತ್ತು. ನಾನು ಕೆಲಸ ಕಲಿತದ್ದು ಆ ಕುರ್ಚಿಯಲ್ಲಿ. ಶುಕ್ರವಾರ ಸಂಜೆ ಕೋಡ್ ಫ್ರೀಜ್, ಲೇಬಲ್ ಹಾಕುವುದು, ಫೈಂಡ್‌ಮರ್ಜ್ ಕಮಾಂಡ್ ಓಡಿಸುವುದು, ಅದು ಕೊಟ್ಟ ಪಟ್ಟಿ ಹಿಡಿದು ಫೈಲು ಬರೆದವರ ಸೀಟಿಗೆ ಹೋಗಿ "ಇದರಲ್ಲಿ ಯಾವುದು ಉಳೀಬೇಕು ಹೇಳ್ರೀ" ಎಂದು ಕೇಳುವುದು. ಸೋಮವಾರ ಬೆಳಿಗ್ಗೆ ಬಿಲ್ಡ್ ಸರಿಯಾಗಿ ಆದರೆ ಪುಣ್ಯ.

ಇನ್ನು ಮರ್ಜ್ ಅನ್ನುವ ಯಂತ್ರ ಒಳಗೊಳಗೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪಾಲುಪಟ್ಟಿಯ ಎರಡು ಪ್ರತಿ ಅಣ್ಣತಮ್ಮಂದಿರ ಕೈಯಲ್ಲಿವೆ, ಒಂದು ಸಾಲು ಎರಡರಲ್ಲೂ ಬೇರೆ ಬೇರೆ ಇದೆ ಎಂದುಕೊಳ್ಳಿ. ತಿದ್ದಿದವರು ಯಾರು? ಎರಡನ್ನೇ ನೋಡಿದರೆ ಹೇಳಲಾಗದು. ಮೂಲ ಪತ್ರ ಸಿಕ್ಕರೆ ಆ ಕ್ಷಣಕ್ಕೆ ಗೊತ್ತಾಗುತ್ತದೆ. ಮೂರು ಪ್ರತಿ ಇಟ್ಟುಕೊಂಡು ಹೋಲಿಸುವ ಈ ಉಪಾಯವೇ ಡಿಫ್3. ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಡಿಫ್ ಅನ್ನು ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್ 1970ರ ದಶಕದ ಮೊದಲರ್ಧದಲ್ಲೇ ಬರೆದಿದ್ದರು. ಮೂರನ್ನು ಹೋಲಿಸುವ ಡಿಫ್3 ಯುನಿಕ್ಸ್‌ನ ಏಳನೆಯ ಆವೃತ್ತಿಯ ಜೊತೆ, 1979ರಲ್ಲಿ, ಬಂತು. ಒಬ್ಬರು ಮಾತ್ರ ತಿದ್ದಿದ ಸಾಲಾದರೆ ಆ ತಿದ್ದುಪಡಿ ಉಳಿಯುತ್ತದೆ. ಇಬ್ಬರೂ ಒಂದೇ ಜಾಗವನ್ನು ಬೇರೆ ಬೇರೆ ತಿದ್ದಿದ್ದರೆ ಯಂತ್ರ ಕೈಯೆತ್ತುತ್ತದೆ. ಏಳು <<<<<<<, ಕೆಳಗೆ ನಿಮ್ಮ ಸಾಲು, ನಡುವೆ ಏಳು =======, ಆಮೇಲೆ ಅವರ ಸಾಲು, ಕೊನೆಗೆ ಏಳು >>>>>>>. ಇದೇ ಕಾನ್‌ಫ್ಲಿಕ್ಟ್. ಸಿವಿಎಸ್ ಬಳಸಿದವರೂ ಇದನ್ನು ನೋಡಿದ್ದಾರೆ, ಗಿಟ್ ಬಳಸುವವರೂ ದಿನಾ ನೋಡುತ್ತಾರೆ.

ಈ ಲೆಕ್ಕ ಅಂದಿನಿಂದ ಇಂದಿಗೆ ಹೆಚ್ಚೇನೂ ಬದಲಾಗಿಲ್ಲ ಎಂದರೆ ಹೊಸಬರಿಗೆ ನಂಬಿಕೆ ಬರುವುದಿಲ್ಲ. ಗಿಟ್ 2021ರ ನವೆಂಬರಿನ 2.34ನೇ ಆವೃತ್ತಿಯಲ್ಲಿ ಓರ್ಟ್ ಎಂಬ ಹೊಸ ಮರ್ಜ್ ವಿಧಾನಕ್ಕೆ ಬದಲಾಯಿತು. ಎಲೈಜಾ ನ್ಯೂರೆನ್ ಬರೆದ ಅದು ಹೆಸರು ಬದಲಾದ ಫೈಲುಗಳನ್ನು ಚೆನ್ನಾಗಿ ಗುರುತಿಸುತ್ತದೆ, ಹಿಂದಿನದಕ್ಕಿಂತ ಬಹಳ ಚುರುಕು. ಆದರೆ ಒಂದು ಫೈಲಿನ ಒಳಗೆ ಇಳಿದರೆ ಈಗಲೂ ಸಾಲಿಗೆ ಸಾಲು, ಮೂರು ಪ್ರತಿಯ ಹೋಲಿಕೆಯೇ. ಸಾಲಲ್ಲ, ಪ್ರೋಗ್ರಾಮಿನ ಅರ್ಥ ನೋಡಿ ಬೆಸೆಯಬೇಕು ಎಂದು ಸೂಸನ್ ಹಾರ್ವಿಟ್ಜ್, ಯಾನ್ ಪ್ರಿನ್ಸ್, ಥಾಮಸ್ ರೆಪ್ಸ್ 1989ರಲ್ಲೇ ದಾರಿ ತೋರಿಸಿ ಪ್ರಬಂಧ ಬರೆದಿದ್ದರು. ಅವರ ವಿಧಾನ ಚಿಕ್ಕ ಮಾದರಿ ಭಾಷೆಯೊಂದಕ್ಕೆ ಹೊಂದುತ್ತಿತ್ತು. ದಿನಬಳಕೆಯ ಕೋಡಿಗೆ ಇಳಿಯಲಿಲ್ಲ. ಡಿಫ್3 ನಿಜಕ್ಕೂ ಏನನ್ನು ಖಾತ್ರಿಪಡಿಸುತ್ತದೆ ಎಂದು ಸಂಜೀವ್ ಖನ್ನಾ, ಕೇಶವ್ ಕುನಾಲ್, ಬೆಂಜಮಿನ್ ಪಿಯರ್ಸ್ ಗಣಿತದ ಮೂಲಕ ಪರಿಶೀಲಿಸಿ 2007ರಲ್ಲಿ ದೆಹಲಿಯ ಸಮ್ಮೇಳನದಲ್ಲಿ ಮಂಡಿಸಿದರು. ದೂರ ದೂರದ ತಿದ್ದುಪಡಿಗಳು ಎಂದೂ ಡಿಕ್ಕಿ ಹೊಡೆಯುವುದಿಲ್ಲ ಎಂದು ನಾವೆಲ್ಲ ನಂಬಿಕೊಂಡದ್ದು ಎಲ್ಲ ಸಲವೂ ನಿಜವಲ್ಲ ಎಂದು ಅದರಿಂದ ತಿಳಿಯಿತು.

ಯಂತ್ರ ಕೈಯೆತ್ತಿದ ಕಾನ್‌ಫ್ಲಿಕ್ಟ್‌ಗೆ ನಾನು ಹೆದರುವುದಿಲ್ಲ. ಅದು ಕಣ್ಣಿಗೆ ಕಾಣುತ್ತದೆ. ಹೆದರಬೇಕಾದದ್ದು ಕಾಣದ್ದಕ್ಕೆ. ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಬಡ್ಡಿ ಲೆಕ್ಕ ಹಾಕುವ ಒಂದು ಫಂಕ್ಷನ್ ಇದೆ: ಅಸಲು, ವಾರ್ಷಿಕ ದರ, ತಿಂಗಳು ಕೊಟ್ಟರೆ ಬಡ್ಡಿ ಹೇಳುತ್ತದೆ. ಒಬ್ಬಳು ಅದನ್ನು ದಿನದ ಲೆಕ್ಕಕ್ಕೆ ಬದಲಾಯಿಸಿ, ಅಲ್ಲಿಯವರೆಗೆ ಅದನ್ನು ಬಳಸಿದ್ದ ಜಾಗಗಳನ್ನೆಲ್ಲ ಸರಿಪಡಿಸಿದಳು. ಅವಳ ಬ್ರಾಂಚಿನಲ್ಲಿ ಎಲ್ಲ ಟೆಸ್ಟೂ ಪಾಸು. ಅದೇ ವಾರ ಇನ್ನೊಬ್ಬ ಬೇರೆ ಫೈಲಿನಲ್ಲಿ ಒಂದು ಲಕ್ಷ ರೂಪಾಯಿಗೆ ಶೇ. 12ರ ದರ, 12 ತಿಂಗಳು ಎಂದು ಅದೇ ಫಂಕ್ಷನ್ನನ್ನು ಹೊಸದಾಗಿ ಕರೆದ. ಉತ್ತರ 12,000 ಬರಬೇಕೆಂದು ಟೆಸ್ಟನ್ನೂ ಬರೆದ. ಅವನ ಬ್ರಾಂಚಿನಲ್ಲೂ ಎಲ್ಲ ಪಾಸು. ಎರಡೂ ಬೇರೆ ಬೇರೆ ಫೈಲು, ಆದ್ದರಿಂದ ಮರ್ಜ್‌ಗೆ ತಕರಾರಿಲ್ಲ. 12 ಒಂದು ಅಂಕಿ ತಾನೆ, ಕಂಪೈಲರ್‌ಗೂ ತಕರಾರಿಲ್ಲ. ಆದರೆ ಕೂಡಿಸಿದ ಕೋಡು 12 ದಿನದ ಬಡ್ಡಿ ಕೊಡುತ್ತದೆ: ಸುಮಾರು 395 ರೂಪಾಯಿ. ಇಬ್ಬರದ್ದೂ ಸರಿ, ಕೂಡಿಸಿದ್ದು ತಪ್ಪು. ಇದನ್ನು ಹಿಡಿಯಲು ಇರುವುದು ಒಂದೇ ದಾರಿ: ಕೂಡಿಸಿದ ಮೇಲಿನ ಕೋಡಿನ ಮೇಲೆ, ಅದು ಮೇನ್ ಬ್ರಾಂಚಿಗೆ ಹೋಗುವ ಮೊದಲು, ಟೆಸ್ಟ್ ಓಡಿಸುವುದು.

ಈ ಮಾತು ರೂಢಿಗೆ ಬರಲು ಬಹಳ ಕಾಲ ಹಿಡಿಯಿತು. ಮೊದಲು ಬಂದದ್ದು ಮರ್ಜ್ ಆದ ಮೇಲೆ ಪರೀಕ್ಷಿಸುವ ಪದ್ಧತಿ. ನೆಟ್‌ಸ್ಕೇಪ್‌ನಲ್ಲಿ ಹುಟ್ಟಿ 1998ರ ಹೊತ್ತಿಗೆ ಮೊಜಿಲ್ಲಾ ಮೂಲಕ ಹೊರಗೆ ಬಂದ ಟಿಂಡರ್‌ಬಾಕ್ಸ್ ಎಡೆಬಿಡದೆ ಬಿಲ್ಡ್ ಮಾಡುತ್ತ, ಸರಿಯಿದ್ದರೆ ಹಸಿರು, ಒಡೆದರೆ ಕೆಂಪು ತೋರಿಸುತ್ತಿತ್ತು. ಕೆಂಪಾದಾಗ ಶೆರಿಫ್ ಎಂಬ ಸರದಿ ಕಾವಲಿನವರು ಯಾರೂ ಚೆಕ್‌ಇನ್ ಮಾಡದಂತೆ ತಡೆದು, ಒಡೆದವರನ್ನು ಹುಡುಕಿ ಹಿಡಿಯುತ್ತಿದ್ದರು. 2001ರಲ್ಲಿ ಥಾಟ್‌ವರ್ಕ್ಸ್‌ನಿಂದ ಕ್ರೂಸ್ ಕಂಟ್ರೋಲ್ ಬಂತು, ಆಮೇಲೆ ಕೋಸುಕೆ ಕವಾಗುಚಿಯವರ ಹಡ್ಸನ್. ಅದೇ 2011ರಲ್ಲಿ ಜೆಂಕಿನ್ಸ್ ಆಯಿತು. ಬೆಂಗಳೂರಿನಲ್ಲಿ ಜೆಂಕಿನ್ಸ್ ಗೊತ್ತಿಲ್ಲದ ಬಿಲ್ಡ್ ಇಂಜಿನಿಯರ್ ಇಲ್ಲ. ಇವೆಲ್ಲ ಬಳಕೆಯಲ್ಲಿ ಹೆಚ್ಚಾಗಿ ಮಾಡುತ್ತಿದ್ದದ್ದು ಅಪಘಾತವಾದ ಮೇಲೆ ಬೇಗ ಸುದ್ದಿ ಮುಟ್ಟಿಸುವ ಕೆಲಸ.

ಅತ್ತ ಲಿನಕ್ಸ್ ಕರ್ನಲ್‌ನವರ ದಾರಿಯೇ ಬೇರೆ. ಲೈನಸ್ ಟೊರ್ವಾಲ್ಡ್ಸ್ 2002ರ ತನಕ ಮೇಲ್‌ನಲ್ಲಿ ಬಂದ ಪ್ಯಾಚುಗಳನ್ನು ಕೈಯಾರೆ ಸೇರಿಸುತ್ತಿದ್ದರು. ಆಮೇಲೆ ಮೂರು ವರ್ಷ ಬಿಟ್‌ಕೀಪರ್ ಎಂಬ ಸಾಧನ ಬಳಸಿದರು. 2005ರಲ್ಲಿ ಅದರ ಪುಕ್ಕಟೆ ಪರವಾನಗಿ ನಿಂತಾಗ ಏಪ್ರಿಲ್ 3ರಂದು ಗಿಟ್ ಬರೆಯಲು ಶುರುಮಾಡಿ, ಏಪ್ರಿಲ್ 7ಕ್ಕೆ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಟ್ಟರು. ಬೇರೆಯವರಿಗೆ ಹಬ್ಬಕ್ಕೊಮ್ಮೆ ಮಾಡುವ ಕೆಲಸವಾಗಿದ್ದ ಮರ್ಜ್ ಅಲ್ಲಿ ದಿನನಿತ್ಯದ್ದಾಯಿತು. ಆದರೂ ಕರ್ನಲ್‌ನ ಬಾಗಿಲಲ್ಲಿ ಬಾಟ್ ನಿಲ್ಲಲಿಲ್ಲ. ಉಪವಿಭಾಗಗಳ ಹೊಣೆ ಹೊತ್ತವರು ಮರ್ಜ್ ಮಾಡುತ್ತಾರೆ, ಕೊನೆಯಲ್ಲಿ ಲೈನಸ್ ಮರ್ಜ್ ಮಾಡುತ್ತಾರೆ. ಡಿಕ್ಕಿಗಳು ಮೊದಲೇ ಗೊತ್ತಾಗಲೆಂದು ಆಸ್ಟ್ರೇಲಿಯಾದ ಸ್ಟೀಫನ್ ರಾಥ್‌ವೆಲ್ 2008ರಲ್ಲಿ ಲಿನಕ್ಸ್-ನೆಕ್ಸ್ಟ್ ಆರಂಭಿಸಿ, ಎಲ್ಲ ಉಪವಿಭಾಗಗಳ ಕೋಡನ್ನು ಕೆಲಸದ ದಿನಗಳಲ್ಲೆಲ್ಲ ಒಂದುಗೂಡಿಸಿ ನೋಡುವ ವ್ರತ ಹಿಡಿದರು. ಹುಡುಗರಿಗೆ ಇದನ್ನು ಹೇಳುವುದಕ್ಕೆ ಕಾರಣವಿದೆ. ಜಗತ್ತಿನ ಅತಿ ದೊಡ್ಡ ಪ್ರಾಜೆಕ್ಟುಗಳಲ್ಲೊಂದು ಮರ್ಜ್ ಬಾಟ್ ಇಲ್ಲದೆಯೇ ನಡೆಯುತ್ತಿದೆ, ಏಕೆಂದರೆ ಅಲ್ಲಿ ಪ್ರತಿ ಮೆಟ್ಟಿಲಲ್ಲೂ ಹೊಣೆ ಹೊರುವ ಮನುಷ್ಯರಿದ್ದಾರೆ.

ಬಾಟ್‌ನ ಕಥೆ ಗ್ರೇಡನ್ ಹೋರ್ ಅವರದ್ದು. 2000ದ ಆಸುಪಾಸಿನಲ್ಲಿ ರೆಡ್‌ಹ್ಯಾಟ್ ಕೊಂಡಿದ್ದ ಸಿಗ್ನಸ್‌ನಲ್ಲಿ ಅವರ ಸಹೋದ್ಯೋಗಿ ಬೆನ್ ಎಲಿಸ್ಟನ್ ಮಾಮೂಲಿ ಯುನಿಕ್ಸ್ ಸಾಮಾನುಗಳನ್ನೇ ಜೋಡಿಸಿ, ಎಲ್ಲ ಟೆಸ್ಟೂ ಪಾಸಾದ ಕೋಡು ಮಾತ್ರ ಒಂದು ಕಡೆ ಸದಾ ಸಿಗುವಂತೆ ಮಾಡಿದ್ದರು. ಗ್ರೇಡನ್‌ಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಇದೇನು ರಾಕೆಟ್ ವಿಜ್ಞಾನವಲ್ಲ, ಯಾರು ಬೇಕಾದರೂ ಮಾಡಬಹುದು, ಆದರೂ ಯಾರೂ ಮಾಡುವುದಿಲ್ಲ ಎಂಬರ್ಥದಲ್ಲಿ ಮುಂದೆ ಅವರು ಬರೆದರು. 2003ರಲ್ಲಿ ಅವರು ಬರೆದ ಮೊನೊಟೋನ್ ಎಂಬ ಸಾಧನದ ಹಿಂದೆಯೂ ಈ ಹಂಬಲವೇ ಇತ್ತು. ಮೊಜಿಲ್ಲಾದಲ್ಲಿ ರಸ್ಟ್ ಭಾಷೆ ಕಟ್ಟುವಾಗ, 2013ರಲ್ಲಿ, ಬೋರ್ಸ್ ಎಂಬ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದರು.

ಬೋರ್ಸ್ ಮಾಡುತ್ತಿದ್ದದ್ದು ಇಷ್ಟೇ. ಪರಿಶೀಲಿಸಿದವರು ಕಾಮೆಂಟಿನಲ್ಲಿ "ಆರ್ ಪ್ಲಸ್" ಎಂದು ಬರೆದರೆ ಅದು ಒಪ್ಪಿಗೆ. ಬೋರ್ಸ್ ಆ ಬದಲಾವಣೆಯನ್ನು ಆ ಗಳಿಗೆಯ ಮೇನ್ ಬ್ರಾಂಚಿನ ಜೊತೆ ಬೇರೊಂದು ತಾತ್ಕಾಲಿಕ ಬ್ರಾಂಚಿನಲ್ಲಿ ಕೂಡಿಸುತ್ತದೆ. ಅಲ್ಲಿ ಎಲ್ಲ ಟೆಸ್ಟ್ ಓಡಿಸುತ್ತದೆ. ಪಾಸಾದರೆ ಪರೀಕ್ಷೆಯಾದ ಆ ಕಮಿಟ್ಟನ್ನೇ ಮೇನ್ ಆಗಿ ಮಾಡುತ್ತದೆ. ಮತ್ತೆ ಹೊಸದಾಗಿ ಮರ್ಜ್ ಮಾಡುವುದಿಲ್ಲ. ಪರೀಕ್ಷೆಯಾದದ್ದು ಯಾವುದೋ, ಒಳಗೆ ಹೋದದ್ದೂ ಅದೇ. ನಮ್ಮ ಬಡ್ಡಿಯ ಲೆಕ್ಕ ಇಲ್ಲಿ ಸಿಕ್ಕಿಬೀಳುತ್ತಿತ್ತು.

ಆದರೆ ಒಂದರ ಹಿಂದೊಂದು ಪರೀಕ್ಷಿಸುವುದಕ್ಕೆ ಹೊತ್ತು ಬೇಕು. ಒಂದು ಸುತ್ತಿಗೆ ಅರ್ಧ ಗಂಟೆಯಾದರೆ ದಿನಕ್ಕೆ 48 ಸುತ್ತು, ಅಷ್ಟೇ. ದಿನಕ್ಕೆ ನೂರು ಬದಲಾವಣೆ ಬರುವ ಕಡೆ ಕ್ಯೂ ಎಂದಿಗೂ ಕರಗದು. ಇದಕ್ಕೆ ಎರಡು ಪರಿಹಾರ ಹುಟ್ಟಿದವು. ಒಂದು ಗುಂಪು ಕಟ್ಟುವುದು: ಹತ್ತು ಬದಲಾವಣೆಗಳನ್ನು ಸೇರಿಸಿ ಒಂದೇ ಸಲ ಪರೀಕ್ಷಿಸುವುದು, ಸೋತರೆ ಒಡೆದು ಹುಡುಕುವುದು. ರಸ್ಟ್‌ನವರು ಇದನ್ನು ರೋಲ್‌ಅಪ್ ಎನ್ನುತ್ತಾರೆ. ಪುಕ್ಕಟೆ ಸಿಗಲಿಲ್ಲ ಈ ಲಾಭ: ಒಂದೊಂದೂ ಶೇ. 95ರಷ್ಟು ಪಾಸಾಗುವಂಥದ್ದಾದರೂ ಹತ್ತೂ ಒಟ್ಟಿಗೆ ಪಾಸಾಗುವ ಸಂಭವ ಶೇ. 60 ಮಾತ್ರ. ಇನ್ನೊಂದು ಊಹೆಯ ಮೇಲೆ ಓಡುವುದು. ಓಪನ್‌ಸ್ಟ್ಯಾಕ್‌ನವರು 2012ರಲ್ಲಿ ಬರೆದ ಜೂಲ್ ಹೀಗೆ ಮಾಡುತ್ತದೆ. ಮುಂದಿರುವವು ಪಾಸಾಗುತ್ತವೆ ಎಂದುಕೊಂಡು ಮೊದಲನೆಯದನ್ನು, ಮೊದಲೆರಡನ್ನು, ಮೊದಲ ಮೂರನ್ನು ಬೇರೆ ಬೇರೆ ಯಂತ್ರಗಳಲ್ಲಿ ಏಕಕಾಲಕ್ಕೆ ಪರೀಕ್ಷಿಸುತ್ತದೆ. ಮೊದಲನೆಯದು ಸೋತರೆ ಅದನ್ನು ತೆಗೆದು ಹಿಂದಿನವನ್ನು ಮತ್ತೆ ಓಡಿಸುತ್ತದೆ. ಊಬರ್‌ನವರು ತಮ್ಮ ಸಬ್‌ಮಿಟ್‌ಕ್ಯೂನಲ್ಲಿ ಯಾವ ಬದಲಾವಣೆ ಪಾಸಾದೀತು ಎಂದು ಹಳೆಯ ದಾಖಲೆಗಳಿಂದ ಅಂದಾಜು ಕಟ್ಟುವ ಮಾದರಿಯನ್ನೇ ಕೂರಿಸಿ, 2019ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹಣ ಬೇಕಾದದ್ದು ಇಲ್ಲಿ. ಹೊತ್ತು ಉಳಿಸಲು ಹೆಚ್ಚು ಯಂತ್ರಗಳನ್ನು ದುಡಿಸಬೇಕು.

ಆಮೇಲೆ ಇದು ಅಂಗಡಿಗೆ ಬಂತು. ಗಿಟ್‌ಲ್ಯಾಬ್ 2019ರಲ್ಲಿ ಮರ್ಜ್ ಟ್ರೈನ್ ತಂದಿತು. ಪುಲ್ ರಿಕ್ವೆಸ್ಟ್ ಪುಟದಲ್ಲೇ 2011ರಲ್ಲಿ ಮರ್ಜ್ ಬಟನ್ ಕೊಟ್ಟಿದ್ದ ಗಿಟ್‌ಹಬ್, 2021ರ ಹೊತ್ತಿಗೆ ಆಟೋ ಮರ್ಜ್ ಅನ್ನೂ 2023ರ ಜುಲೈನಲ್ಲಿ ಮರ್ಜ್ ಕ್ಯೂ ಅನ್ನೂ ಎಲ್ಲರ ಬಳಕೆಗೆ ಬಿಟ್ಟಿತು. ಬೋರ್ಸ್‌ನ ಮರಿ ಬೋರ್ಸ್-ಎನ್‌ಜಿಯನ್ನು ನಡೆಸುತ್ತಿದ್ದವರು ಬಾಗಿಲು ಹಾಕಿಕೊಂಡರು. ಮರ್ಜಿಫೈ ಥರದ ಹೊರಗಿನ ಸೇವೆಗಳೂ ಇವೆ.

ಹುಡುಗರು ಎಡವುವುದು ಆಟೋ ಮರ್ಜ್ ಮತ್ತು ಮರ್ಜ್ ಕ್ಯೂ ಒಂದೇ ಎಂದುಕೊಳ್ಳುವಲ್ಲಿ. ಆಟೋ ಮರ್ಜ್ ಮಾಡುವುದು ಬಟನ್ ಒತ್ತುವ ಕೆಲಸ ಮಾತ್ರ: ಟೆಸ್ಟ್ ಪಾಸಾಯಿತೇ, ಒಪ್ಪಿಗೆ ಬಂತೇ, ಒತ್ತಿಬಿಡು. ಆ ಟೆಸ್ಟ್ ನಿನ್ನೆಯ ಮೇನ್ ಮೇಲೆ ಓಡಿದ್ದಿರಬಹುದು. ಬಡ್ಡಿಯ 395 ರೂಪಾಯಿ ನೇರ ಒಳಗೆ ಹೋಗುತ್ತದೆ. ಬ್ರಾಂಚ್ ಸದಾ ಹೊಸ ಮೇನ್‌ಗೆ ಸರಿಹೊಂದಿರಲೇಬೇಕು ಎಂಬ ನಿಯಮ ಹಾಕಿದರೆ ಈ ತೂತು ಮುಚ್ಚುತ್ತದೆ, ಆದರೆ ಒಬ್ಬರು ಮರ್ಜ್ ಮಾಡಿದ ಕೂಡಲೇ ಉಳಿದವರೆಲ್ಲ ಮತ್ತೆ ಅಪ್‌ಡೇಟ್ ಮಾಡಿ ಮತ್ತೆ ಕಾಯಬೇಕು. ಐದು ಜನರಿಗೆ ಸಹಿಸಬಹುದು, ಐವತ್ತು ಜನಕ್ಕೆ ಆಗದು. ಬೋರ್ಸ್‌ನ ಹಾಗೆ ಕೂಡಿಸಿ ಪರೀಕ್ಷಿಸುವ ಕ್ಯೂ ಹುಟ್ಟಿದ್ದೇ ಆ ಐವತ್ತು ಜನಕ್ಕಾಗಿ.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ಐದಾರು ಜನರ ತಂಡಕ್ಕೆ, ದಿನಕ್ಕೆ ನಾಲ್ಕೈದು ಮರ್ಜ್ ಇರುವಲ್ಲಿ, ಬ್ರಾಂಚ್ ಹೊಸದಾಗಿರಬೇಕೆಂಬ ನಿಯಮ ಮತ್ತು ಆಟೋ ಮರ್ಜ್ ಸಾಕು. ಅಪ್‌ಡೇಟ್ ಮಾಡಿ ಕಾಯುವುದೇ ದೊಡ್ಡ ಕೆಲಸವಾದಾಗ, ನೀವು ಈಗಾಗಲೇ ಬಳಸುತ್ತಿರುವ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನ ಕ್ಯೂ ಹಾಕಿ. ನಿಮ್ಮ ಪ್ಲಾನ್‌ನಲ್ಲಿ ಅದು ಇದೆಯೇ ಎಂದು ಮೊದಲು ನೋಡಿ, ಏಕೆಂದರೆ ಖಾಸಗಿ ಕೋಡಿಗೆ ಎರಡೂ ಕಡೆ ದುಡ್ಡು ಕೊಡಬೇಕು. ಹಲವು ರೆಪಾಸಿಟರಿಗಳ ಬದಲಾವಣೆ ಒಟ್ಟಿಗೆ ಹೋಗಬೇಕಾದರೆ ಮಾತ್ರ ಜೂಲ್ ಕಡೆ ತಿರುಗಿ. ಅದನ್ನು ಸಾಕಲು ಒಬ್ಬ ಆಳು ಬೇಕು. ಯಾವುದನ್ನೇ ಆರಿಸುವ ಮುನ್ನ ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಪರೀಕ್ಷೆಯಾದ ಕಮಿಟ್ಟೇ ಮೇನ್‌ಗೆ ಹೋಗುತ್ತದೆಯೇ, ಅಥವಾ ಅದರ ಹಾಗೆ ಕಾಣುವ ಇನ್ನೊಂದೇ? ಮತ್ತು ಇವೆಲ್ಲಕ್ಕೂ ಮೊದಲು, ಕಾರಣವಿಲ್ಲದೆ ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಟೆಸ್ಟುಗಳನ್ನು ಸರಿಮಾಡಿ. ಅವು ಇರುವ ತನಕ ಯಾವ ಕ್ಯೂ ಹಾಕಿದರೂ ನಿಮ್ಮ ತಂಡದವರು ಅದನ್ನು ದಾಟಿಹೋಗುವ ದಾರಿ ಹುಡುಕುತ್ತಾರೆ, ಸಿಕ್ಕೇ ಸಿಗುತ್ತದೆ.